ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! (ಒಂದು ಸೈಕಲ್ ಪುರಾಣ)

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಕಾರಣ ಹೇಳಿದರೆ ನಗ್ತೀರಿ. ಎರಡು ತಿಂಗಳಿಂದ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಒಂದು ಶಬ್ದ.

ಕಿರ್ರ್... ಕಿರ್ರ್... ಕಿರ್ರ್...

ನಮ್ಮ ಮನೆಯಿಂದ ಆಫೀಸಿಗೆ ಒಂಬತ್ತು ಕಿಲೋಮೀಟರು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕಾರಿಗಿಂತ ನನ್ನ ಸೈಕಲ್ಲೇ ಬೇಗ ತಲುಪುತ್ತದೆ ಅನ್ನೋದು ನನ್ನ ಹಳೇ ವಾದ. ಆರು ವರ್ಷದ ಗೇರ್ ಸೈಕಲ್ಲು, ಅಲ್ಯೂಮಿನಿಯಂ ಫ್ರೇಮು, ಇವತ್ತಿನವರೆಗೂ ನಡು ರಸ್ತೆಯಲ್ಲಿ ಕೈ ಕೊಟ್ಟದ್ದಿಲ್ಲ. ಈ ಸಲದ ಮಳೆಗಾಲ ಮುಗಿದ ಮೇಲೆ ಶುರುವಾಯಿತು ನೋಡಿ ಈ ಕಿರಿಕಿರಿ. ಬಲಗಾಲು ಪೆಡಲ್ ಒತ್ತಿದಾಗಲೆಲ್ಲ ಒಂದು ಕಿರ್ರ್. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವರು ತಿರುಗಿ ನೋಡುವಷ್ಟು. ನನ್ನವಳಂತೂ "ಒಳ್ಳೇದೇ ಆಯ್ತು ಬಿಡಿ, ಬೀದಿ ತುದೀಲೇ ನೀವು ಬಂದಿದ್ದು ಗೊತ್ತಾಗತ್ತೆ, ಕಾಫಿಗೆ ಇಡೋಕೆ ಅನುಕೂಲ" ಅಂದಳು.

ಶಬ್ದ ಬರ್ತಿದ್ದದ್ದು ಕೆಳಗಿನಿಂದ, ಎರಡೂ ಪೆಡಲ್ಲುಗಳ ನಡುವಿನ ಜಾಗದಿಂದ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅಂಗಡಿಗೆ ಒಯ್ದೆ (ಯಾವ ಅಂಗಡಿ ಅಂತ ಕೇಳಬೇಡಿ, ಹೇಳೋದಿಲ್ಲ). ಅಲ್ಲಿನ ಹುಡುಗ ಸೈಕಲ್ಲನ್ನು ಸ್ಟ್ಯಾಂಡಿಗೆ ನೇತು ಹಾಕಿ, ಕೈಯಲ್ಲಿ ಪೆಡಲ್ ನಾಲ್ಕು ಸುತ್ತು ತಿರುಗಿಸಿದ. ಶಬ್ದ ಬರಲಿಲ್ಲ. "ಬಿ.ಬಿ. ಹೋಗಿದೆ ಸರ್" ಅಂದ. ಬಿ.ಬಿ. ಅಂದ್ರೆ ಬಾಟಮ್ ಬ್ರಾಕೆಟ್, ಕ್ರ್ಯಾಂಕ್ ತಿರುಗುವ ಅಚ್ಚು ಮತ್ತು ಬೇರಿಂಗು ಕೂತಿರುವ ಜಾಗ. ಹೊಸದು ಹಾಕಿಸಿದೆ. ದುಡ್ಡು ಕೊಟ್ಟು ಅಂಗಡಿಯಿಂದ ಇನ್ನೂರು ಮೀಟರ್ ಬಂದಿರಲಿಲ್ಲ, ಕಿರ್ರ್!

ಮುಂದಿನ ವಾರ ಚೈನು, ಹಿಂದಿನ ಗೇರು ಹಲ್ಲುಗಳ ಸೆಟ್ಟು ಎರಡೂ ಬದಲಾಯಿತು. ಕಿರ್ರ್. ಮೂರನೇ ಸಲ ಹೋದಾಗ ಅಂಗಡಿಯ ಯಜಮಾನರೇ ಬಂದು, "ಫ್ರೇಮೇ ಹೋಗಿರಬೇಕು ಸರ್, ಇನ್ನೆಷ್ಟು ಅಂತ ಖರ್ಚು ಮಾಡ್ತೀರಿ? ಎಕ್ಸ್‌ಚೇಂಜ್ ಮಾಡಿಬಿಡಿ" ಅಂದರು. ಅಷ್ಟು ಹೊತ್ತಿಗೆ 4,300 ರೂಪಾಯಿ ಕೈ ಬಿಟ್ಟಿತ್ತು. ಬೇಜಾರಾಗಿ ಮಾರೋದಕ್ಕೆ ಅಂತ ಸೈಕಲ್ಲನ್ನು ಗೋಡೆಗೆ ಒರಗಿಸಿ ಫೋಟೋ ಕೂಡ ತೆಗೆದಿದ್ದೆ.

ಆವತ್ತು ರಾತ್ರಿ ಊರಿಂದ ಅಮ್ಮನ ಫೋನು. ಮಾತಿನ ಮಧ್ಯೆ ಸೈಕಲ್ ಮಾರ್ತಿರೋ ವಿಷಯ ಬಂತು. ಅಪ್ಪ ಇಪ್ಪತ್ತೊಂಬತ್ತು ವರ್ಷ ಮಲೆನಾಡಿನ ಹಳ್ಳಿಗಳಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದವರು. ಸರಳು ಬ್ರೇಕಿನ, 28 ಇಂಚಿನ ಚಕ್ರದ ಕರಿ ಸೈಕಲ್ಲಿನ ಮೇಲೆ ಅವರು ತುಳಿದ ದಾರಿಯ ಲೆಕ್ಕ ಇಟ್ಟವರಿಲ್ಲ. ಈಗ ಅವರಿಗೆ ಕಿವಿ ಮಂದ. ಫೋನಿನಲ್ಲಿ ನೇರ ಮಾತು ಆಗೋದಿಲ್ಲ, ನಾನು ಹೇಳಿದ್ದನ್ನು ಅಮ್ಮ ಜೋರಾಗಿ ಅವರಿಗೆ ಹೇಳಬೇಕು, ಅವರು ಅಂದದ್ದು ನನಗೆ ಕೇಳುತ್ತದೆ. ಅಮ್ಮ ಶಬ್ದದ ವಿಷಯ ಕೂಗಿ ಹೇಳಿದಳು. ಒಂದು ಗಳಿಗೆ ಬಿಟ್ಟು ಅಪ್ಪನ ದನಿ:

"ಕೂತು ತುಳಿದಾಗ ಮಾತ್ರ ಬರತ್ತೋ, ಎದ್ದು ನಿಂತು ತುಳಿದಾಗ್ಲೂ ಬರತ್ತೋ?"

ನೋಡಿರಲಿಲ್ಲ. ಎರಡು ತಿಂಗಳು, ಮೂರು ಸಲ ಅಂಗಡಿ, 4,300 ರೂಪಾಯಿ ಆದರೂ ಈ ಪ್ರಶ್ನೆಯನ್ನು ನಾನೂ ಕೇಳಿಕೊಂಡಿರಲಿಲ್ಲ, ಅಂಗಡಿಯವರೂ ಕೇಳಿರಲಿಲ್ಲ.

ರಾತ್ರಿ ಒಂಬತ್ತೂವರೆಗೆ ಲುಂಗಿ ಎತ್ತಿ ಕಟ್ಟಿ ಬೀದಿಗಿಳಿದೆ. ನಮ್ಮ ಬೀದಿ ನಾಯಿಗಳಿಗೆ ಅದೊಂದು ಮನರಂಜನೆ. ಕೂತು ತುಳಿದೆ: ಕಿರ್ರ್. ಎದ್ದು ನಿಂತು ತುಳಿದೆ: ನಿಶ್ಶಬ್ದ. ಮತ್ತೆ ಕೂತೆ: ಕಿರ್ರ್. ಮತ್ತೆ ನಿಂತೆ: ನಿಶ್ಶಬ್ದ. ಓಡಿ ಬಂದು ಫೋನ್ ಮಾಡಿದರೆ ಅಪ್ಪನ ಉತ್ತರ ಇಷ್ಟೇ: "ಸೀಟು ಕಿತ್ತು, ಕಂಬ ಒರೆಸಿ, ಗ್ರೀಸ್ ಹಚ್ಚಿ ಹಾಕು. ಮಲಕೋ."

ಸೀಟಿನ ಕಂಬ, ಅಂದ್ರೆ ಸೀಟ್ ಪಿಲ್ಲರು, ಹೊರಗೆ ಎಳೆದರೆ ಅದರ ಮೈಮೇಲೆ ಮಳೆಗಾಲದ ಕೆಸರು ಒಣಗಿ ಬೂದು ಬಣ್ಣದ ಹುಡಿ. ಒಳಗೂ ಹಾಗೇ. ಹಳೇ ಬನಿಯನ್ನಿನಲ್ಲಿ ಒರೆಸಿ, ತೆಳ್ಳಗೆ ಗ್ರೀಸ್ ಸವರಿ, ಮೊದಲಿದ್ದ ಎತ್ತರಕ್ಕೇ ಕೂರಿಸಿ ಬಿಗಿ ಮಾಡಿದೆ. ಇಪ್ಪತ್ತು ನಿಮಿಷದ ಕೆಲಸ. ಮಾರನೇ ದಿನ ಒಂಬತ್ತು ಕಿಲೋಮೀಟರೂ ಟೈರಿನ ಸದ್ದು ಬಿಟ್ಟು ಇನ್ನೇನೂ ಇಲ್ಲ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಅದೇ ಆಗಿತ್ತು. ಜ್ವರ ಸೀಟಿಗೆ, ಬರೆ ಬಿ.ಬಿ.ಗೆ. ಎಮ್ಮೆಯ ಬೆಲೆ ನನ್ನ ಜೇಬಿನಿಂದ.

ಸರಿ, ಸೀಟಿನ ಶಬ್ದ ಕೆಳಗಿನಿಂದ ಬಂದ ಹಾಗೆ ಯಾಕೆ ಕೇಳಿಸಿತು? ಸೈಕಲ್ಲಿನ ಫ್ರೇಮು ಅಂದ್ರೆ ಒಂದಕ್ಕೊಂದು ಬೆಸೆದ ಟೊಳ್ಳು ಕೊಳವೆಗಳು. ಎಲ್ಲೋ ಒಂದು ಕಡೆ ಹುಟ್ಟಿದ ಸದ್ದು ಕೊಳವೆಯುದ್ದಕ್ಕೂ ಹರಿದು ಇನ್ನೆಲ್ಲೋ ದೊಡ್ಡದಾಗಿ ಕೇಳಿಸುತ್ತದೆ. ಅದೂ ಅಲ್ಲದೆ ಕಿರ್ರ್ ಅನ್ನೋದು ಪೆಡಲಿನ ತಾಳಕ್ಕೆ ಸರಿಯಾಗಿ ಬರುತ್ತದಲ್ಲ, ಹಾಗಾಗಿ ಕಿವಿಯೂ ಪೆಡಲಿನ ಕಡೆಗೇ ಬೆರಳು ತೋರಿಸುತ್ತದೆ. ಆದರೆ ಬಲಗಾಲು ಒತ್ತಿದಾಗಲೆಲ್ಲ ನಮ್ಮ ಸೊಂಟ ಸೀಟಿನ ಮೇಲೆ ಕೂದಲೆಳೆಯಷ್ಟು ವಾಲುತ್ತದೆ. ತಾಳ ಪೆಡಲಿನದು, ಹಾಡು ಸೀಟಿನದು.

ಶಬ್ದ ಹುಟ್ಟುವುದಾದರೂ ಹೇಗೆ? ಬಿಗಿಯಾಗಿ ಒತ್ತಿಕೊಂಡ ಎರಡು ಒಣ ಮೇಲ್ಮೈಗಳು ಭಾರ ಬಿದ್ದಾಗ ಒಂದು ಕ್ಷಣ ಅಂಟಿಕೊಳ್ಳುತ್ತವೆ, ಮರುಕ್ಷಣ ಜಾರುತ್ತವೆ, ಮತ್ತೆ ಅಂಟುತ್ತವೆ. ಈ ಅಂಟು-ಜಾರು ಆಟವೇ ಕಿರ್ರ್. ಬಾಗಿಲಿನ ಕೀಲು, ಹೊಸ ಚಪ್ಪಲಿ, ಪಿಟೀಲಿನ ಕಮಾನು ಎಲ್ಲದರದ್ದೂ ಇದೇ ಕಥೆ. ಮದ್ದು ಎರಡೇ. ಜಾರದ ಹಾಗೆ ಬಿಗಿ ಮಾಡಬೇಕು, ಇಲ್ಲಾ ಸದ್ದಿಲ್ಲದೆ ಜಾರುವ ಹಾಗೆ ಗ್ರೀಸ್ ಹಚ್ಚಬೇಕು. ಹೆಚ್ಚಿನ ಸಲ ಎರಡೂ. ಕೈಯಲ್ಲಿ ಪೆಡಲ್ ತಿರುಗಿಸಿದಾಗ ಅಂಗಡಿಯಲ್ಲಿ ಶಬ್ದ ಬರದಿದ್ದದ್ದು ಇದಕ್ಕೇ. ಸೀಟಿನ ಮೇಲೆ ನನ್ನ ಎಪ್ಪತ್ತೆಂಟು ಕೆಜಿ ಇರಲಿಲ್ಲ!

ಅವತ್ತಿನಿಂದ ನಾನು ಶಬ್ದಗಳ ಹಿಂದೆ ಬಿದ್ದೆ. ಹೈಸ್ಕೂಲಿನಲ್ಲಿ ವ್ಯಾಕರಣದ ಮೇಷ್ಟ್ರು ಅನುಕರಣಾವ್ಯಯ ಅಂತ ಹೇಳಿಕೊಡ್ತಿದ್ದರು, ನೆನಪಿದೆಯಾ? ಪಟಪಟ, ದಬದಬ, ಚಟಚಟ. ಪರೀಕ್ಷೆಗೆ ಒಂದು ಅಂಕ, ಅಷ್ಟೇ ಅಂದುಕೊಂಡಿದ್ದೆ. ಈಗ ಅನ್ನಿಸುತ್ತೆ, ಸೈಕಲ್ ರಿಪೇರಿಗೆ ಕನ್ನಡದಷ್ಟು ಅನುಕೂಲದ ಭಾಷೆ ಇನ್ನೊಂದಿಲ್ಲ. ಅಂಗಡಿಗೆ ಹೋಗಿ "ಸೌಂಡ್ ಬರ್ತಿದೆ" ಅನ್ನುವ ಬದಲು ಯಾವ ಸದ್ದು ಅಂತ ಹೇಳಿದರೆ ಅರ್ಧ ರೋಗ ಹೇಳಿದ ಹಾಗೆ.

ಕಿರ್ರ್ ಅನ್ನೋದು ಒಣ ಜಾಗ. ಎದ್ದು ನಿಂತರೆ ನಿಲ್ಲುತ್ತೆ ಅಂದ್ರೆ ಸೀಟು, ಅದರ ಕೆಳಗಿನ ಕಂಬಿಗಳು, ಪಿಲ್ಲರು. ಎದ್ದು ನಿಂತು ಹ್ಯಾಂಡಲ್ ಎಳೆದು ತುಳಿದಾಗ ಮಾತ್ರ ಬರುತ್ತೆ ಅಂದ್ರೆ ಹ್ಯಾಂಡಲ್ಲು ಮತ್ತು ಅದನ್ನು ಹಿಡಿದಿರುವ ಸ್ಟೆಮ್ಮು. ನೆಲದ ಮೇಲೆ ನಿಂತು, ಮುಂದಿನ ಚಕ್ರ ಎರಡು ಮಂಡಿ ನಡುವೆ ಹಿಡಿದು ಹ್ಯಾಂಡಲ್ ಅತ್ತಿತ್ತ ತಿರುಚಿ ನೋಡಿ, ಅಲ್ಲೇ ಕಿರ್ರ್ ಅಂದರೆ ಕಳ್ಳ ಸಿಕ್ಕಿದ ಹಾಗೆ. ಹಿಂದಿನ ಚಕ್ರದ ಅಚ್ಚು ಫ್ರೇಮಿನಲ್ಲಿ ಕೂರುವ ಜಾಗ ಒಣಗಿದ್ದರೂ ಕಿರ್ರ್ ಬಿ.ಬಿ.ಯಿಂದಲೇ ಬಂದ ಹಾಗಿರುತ್ತದೆ. ಚಕ್ರ ಬಿಚ್ಚಿ, ಒರೆಸಿ, ನೆಟ್ಟಗೆ ಕೂರಿಸಿ ಬಿಗಿ ಮಾಡಲು ಐದು ನಿಮಿಷ ಸಾಕು.

ಕೀಚ್ ಕೀಚ್ ಅಂತ ಇಲಿಮರಿ ಕೂಗಿದ ಹಾಗೆ ಬಂದರೆ ಚೈನಿಗೆ ಎಣ್ಣೆ ಇಲ್ಲ. ಟಿಕ್ ಅನ್ನೋ ಸದ್ದು ಎರಡೂವರೆ ಸುತ್ತು ತುಳಿದಾಗ ಒಮ್ಮೆ ಬಂದರೆ ಚೈನಿನ ಒಂದು ಕೊಂಡಿ ಗಟ್ಟಿಯಾಗಿದೆ. (ಲೆಕ್ಕ ಬೇಕಾದವರಿಗೆ: ಚೈನಿನಲ್ಲಿ 112 ಕೊಂಡಿ, ಮುಂದಿನ ಚಕ್ರದಲ್ಲಿ 44 ಹಲ್ಲು ಇದ್ದರೆ, ಚೈನು ಒಂದು ಸುತ್ತು ಬರೋಕೆ ಎರಡೂವರೆ ಸುತ್ತು ತುಳಿಯಬೇಕು.) ತುಳಿಯೋದು ನಿಲ್ಲಿಸಿ ಸುಮ್ಮನೆ ಉರುಳಿದಾಗಲೂ ಟಿಕ್ ಟಿಕ್ ಬರುತ್ತಿದ್ದರೆ ಚಕ್ರದ ಕಡ್ಡಿ, ಬ್ರೇಕು, ಮಡ್‌ಗಾರ್ಡು. ಲೊಡಲೊಡ ಅಂದರೆ ಕ್ಯಾರಿಯರ್ರೋ ಸ್ಟ್ಯಾಂಡೋ ಸಡಿಲ. ಗರಗರ ಅಂತ ಮರಳು ಅರೆದ ಹಾಗಿದ್ದರೆ, ಆಗ ಮಾತ್ರ ಬೇರಿಂಗ್ ಮೇಲೆ ಅನುಮಾನ ಪಡಿ.

ಒಂದು ಕಾಲಿನಲ್ಲಿ ಮಾತ್ರ ತುಳಿದಾಗ ಬಂದರೆ ಆ ಕಡೆಯ ಪೆಡಲ್ ಬಿಚ್ಚಿ, ಥ್ರೆಡ್ಡು ಒರೆಸಿ, ಗ್ರೀಸ್ ಹಚ್ಚಿ ಹಾಕಿ ನೋಡಿ. ಆದರೆ ಎಡ ಪೆಡಲಿಗೆ ಉಲ್ಟಾ ಥ್ರೆಡ್ಡು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ವಿಮಾನ ಹಾರಿಸಿದ ರೈಟ್ ಸಹೋದರರು ಸೈಕಲ್ ಅಂಗಡಿಯವರು ಅನ್ನೋದು ನಿಮಗೆ ಗೊತ್ತಲ್ಲ. 1900ರ ಹೊತ್ತಿಗೆ ಅವರ ಸೈಕಲ್ಲುಗಳಲ್ಲೂ ಎಡ ಪೆಡಲಿಗೆ ಉಲ್ಟಾ ಥ್ರೆಡ್ಡೇ. ಇಲ್ಲದಿದ್ದರೆ ತುಳೀತಾ ತುಳೀತಾ ಪೆಡಲ್ ತಾನೇ ಬಿಚ್ಚಿಕೊಳ್ಳುತ್ತದೆ.

ಇಲ್ಲಿಗೆ ಮುಗಿಸಿದ್ದರೆ ಇದೊಂದು ಸುಖಾಂತ ಕಥೆಯಾಗ್ತಿತ್ತು. ಮುಗಿಸೋ ಹಾಗಿಲ್ಲ. ಮುಂದಿನದು ಹೇಳೋಕೆ ನಾಚಿಕೆ, ಹೇಳದೆ ಇದ್ದರೆ ಸುಳ್ಳಾಗುತ್ತದೆ.

ಸೀಟಿನ ಕಿರ್ರ್ ಹೋದ ಮೇಲೆ ನಾನು ಆಫೀಸಿನಲ್ಲಿ ಸೈಕಲ್ ಪಂಡಿತನಾದೆ. ಯಾರ ಸೈಕಲ್ ಸದ್ದು ಮಾಡಿದರೂ ಅಪ್ಪನ ಕಥೆ ಹೇಳಿ, "ಸೀಟ್ ಪಿಲ್ಲರಿಗೆ ಗ್ರೀಸ್ ಹಚ್ಚಿ" ಅನ್ನೋದು. ನಮ್ಮ ಟೀಮಿನ ಹುಡುಗನೊಬ್ಬ ಕ್ಯಾಂಟೀನಿನಲ್ಲಿ ಊಟ ಮಾಡ್ತಾ "ಸರ್, ನನ್ನದೂ ಸೌಂಡ್ ಮಾಡ್ತಿದೆ" ಅಂದ. ನಾನು ಸಾರಿನಲ್ಲಿ ಅನ್ನ ಕಲಸ್ತಾ ಅದೇ ಮಂತ್ರ ಹೇಳಿದೆ. ಸೈಕಲ್ ನೋಡಲಿಲ್ಲ. ಕಿರ್ರ್ ಅನ್ನುತ್ತೋ, ಕಟಕ್ ಅನ್ನುತ್ತೋ ಕೇಳಲಿಲ್ಲ. ಅವನು ಪಾಪ ಗ್ರೀಸ್ ತಂದು ಹಚ್ಚಿದ. ಹತ್ತು ದಿನ ಆದ ಮೇಲೆ ಫ್ಲೈಓವರ್ ಹತ್ತುವಾಗ ಎದ್ದು ನಿಂತು ತುಳಿದಿದ್ದಾನೆ, ಎಡಗಡೆ ಕ್ರ್ಯಾಂಕು ಪೆಡಲ್ ಸಮೇತ ಕಳಚಿ ಬಂದು, ಮುಗ್ಗರಿಸಿ ಬಿದ್ದ. ಗದ್ದಕ್ಕೆ ಮೂರು ಹೊಲಿಗೆ, ಅಂಗೈ ಸಿಪ್ಪೆ ಎದ್ದುಹೋಗಿತ್ತು. ಹಿಂದೆ ಬರ್ತಿದ್ದ ಬಸ್ಸಿನವರು ಬ್ರೇಕ್ ಹಾಕಿದ್ದಕ್ಕೆ ಅಷ್ಟಕ್ಕೇ ಮುಗೀತು.

ಆಸ್ಪತ್ರೆಯಲ್ಲಿ ಅವನನ್ನು ನೋಡೋಕೆ ಹೋದಾಗ ಕೇಳಿದೆ, ಯಾವ ಥರ ಸದ್ದು ಬರ್ತಿತ್ತು ಅಂತ. "ಕಟಕ್ ಕಟಕ್ ಅಂತಿತ್ತು ಸರ್, ಕಾಲಿಗೂ ಗೊತ್ತಾಗ್ತಿತ್ತು" ಅಂದ.

ಕಟಕ್ ಅನ್ನೋದು ಒಣ ಜಾಗದ ಸದ್ದಲ್ಲ, ಸಡಿಲಾದ ಜಾಗದ್ದು. ಕ್ರ್ಯಾಂಕಿನ ಚೌಕ ತೂತು ಅಚ್ಚಿನ ಚೌಕ ತುದಿಯ ಮೇಲೆ ಬಿಗಿಯಾಗಿ ಕೂತಿರಬೇಕು. ಬೋಲ್ಟು ಸಡಿಲಾದರೆ ಪ್ರತಿ ತುಳಿತಕ್ಕೂ ಗಟ್ಟಿ ಉಕ್ಕಿನ ಅಚ್ಚು ಮೆತ್ತನೆಯ ಅಲ್ಯೂಮಿನಿಯಂ ತೂತನ್ನು ಸವೆಸುತ್ತಾ ಹೋಗುತ್ತದೆ. ಮೊದಲ ದಿನವೇ ಬಿಗಿ ಮಾಡಿದ್ದರೆ ಉಳಿಯುತ್ತಿತ್ತು. ತೂತು ಗುಂಡಗಾದ ಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲೋದಿಲ್ಲ. ನಾನು ಅವನ ಹತ್ತು ದಿನ ಹಾಳು ಮಾಡಿದ್ದೆ. ಆ ಅಂಗಡಿಯವರು ನನಗೆ ಮಾಡಿದ್ದನ್ನೇ ನಾನು ಅವನಿಗೆ ಮಾಡಿದ್ದು. ಅವರು ಕಳೆದದ್ದು ನನ್ನ ದುಡ್ಡು ಮಾತ್ರ, ನಾನು ಇನ್ನೇನೋ ಕಳೆಯುವುದರಲ್ಲಿದ್ದೆ.

ಹಾಗಾಗಿ ಈಗ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಮೊದಲಾಗಿದ್ದರೆ "ಅಂಗಡಿಯವರೆಲ್ಲ ಕಳ್ಳರು, ನಾವೇ ರಿಪೇರಿ ಕಲೀಬೇಕು" ಅಂತ ಬರೆದು ಮುಗಿಸುತ್ತಿದ್ದೆ. ಈಗ ಹಾಗೆ ಅನ್ನಿಸೋದಿಲ್ಲ. ಆ ಅಂಗಡಿಯ ಹುಡುಗ ಕಳ್ಳನಲ್ಲ. ಶನಿವಾರ ಸಂಜೆ ಹನ್ನೆರಡು ಸೈಕಲ್ ಕಾಯ್ತಿರುವಾಗ ನನ್ನಂಥವನು "ಬೇಗ ಮಾಡಪ್ಪಾ" ಅಂತ ತಲೆ ಮೇಲೆ ನಿಂತಿದ್ದ. ಬಿ.ಬಿ. ಬದಲಾಯಿಸಿದರೆ ಅದಕ್ಕೊಂದು ಬೆಲೆ ಇದೆ, ಬಿಲ್ ಇದೆ. ಅರ್ಧ ಗಂಟೆ ಸೈಕಲ್ ಓಡಿಸಿ, ಕೂತು ನಿಂತು ನೋಡಿ, ಒಂದೊಂದೇ ಬಿಚ್ಚಿ ಪತ್ತೆ ಹಚ್ಚಿದರೆ ಅದಕ್ಕೆ ಬಿಲ್ ಇಲ್ಲ. ಕೊನೆಗೆ ಬರೀ ಗ್ರೀಸ್ ಹಚ್ಚಿ ಇನ್ನೂರು ರೂಪಾಯಿ ಕೇಳಿದ್ದರೆ "ಗ್ರೀಸಿಗೆ ಇನ್ನೂರಾ?" ಅಂತ ಜಗಳಕ್ಕೆ ನಿಲ್ಲುತ್ತಿದ್ದವನು ನಾನೇ. ಅದೇ ನಾನು ಯಾವ ಜಗಳವೂ ಇಲ್ಲದೆ 4,300 ಕೊಟ್ಟು ಬಂದೆ, ಕೈಗೆ ವಸ್ತು ಸಿಕ್ಕಿತಲ್ಲ! ಕೇಳಿಸಿಕೊಳ್ಳೋ ಕೆಲಸಕ್ಕೆ ನಾವು ದುಡ್ಡು ಕೊಡೋದಿಲ್ಲ, ಆದ್ದರಿಂದ ಯಾರೂ ಕೇಳಿಸಿಕೊಳ್ಳೋದಿಲ್ಲ. ಇದು ನನಗೆ ಈಗ ಅರ್ಥವಾಗಿದೆ.

ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟೇ. ಪತ್ತೆ ಹಚ್ಚೋದಕ್ಕೆ ಬೇರೆ ದರ ಬರೆದು ಗೋಡೆಗೆ ಅಂಟಿಸಿ, ನಾನು ಕೊಡ್ತೇನೆ. ಏನೂ ಬದಲಾಯಿಸದೆ ಸರಿ ಮಾಡಿದರೆ ಇನ್ನೂ ಖುಷಿಯಿಂದ ಕೊಡ್ತೇನೆ. ಬದಲಾಯಿಸೋದು ಕೊನೆಯ ಉಪಾಯ ಆಗಲಿ. ಒಂದು ಸಲಕ್ಕೆ ಒಂದೇ ಕಡೆ ಕೈ ಹಾಕಿ, ಓಡಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ. ನಾಲ್ಕು ಕಡೆ ಒಟ್ಟಿಗೆ ಬಿಚ್ಚಿ ಜೋಡಿಸಿದರೆ ಸದ್ದು ನಿಂತರೂ ಯಾಕೆ ನಿಂತಿತು ಅಂತ ಗೊತ್ತಾಗೋದಿಲ್ಲ.

ಇನ್ನು ನಮ್ಮಂಥ ಓಡಿಸುವವರಿಗೆ. ಸದ್ದು ಬಂದ ಕೂಡಲೇ ಸ್ಪ್ರೇ ಡಬ್ಬಿ ಹಿಡಿದು ಎಲ್ಲ ಕಡೆ ಪುಸ್ ಪುಸ್ ಅನ್ನಿಸಬೇಡಿ. ತೆಳ್ಳನೆಯ ಎಣ್ಣೆ ಎರಡು ದಿನ ಬಾಯಿ ಮುಚ್ಚಿಸುತ್ತದೆ, ಜೊತೆಗೆ ಬೇರಿಂಗಿನೊಳಗಿನ ಒಳ್ಳೇ ಗ್ರೀಸನ್ನೂ ತೊಳೆದುಬಿಡುತ್ತದೆ. ತೆಂಗಿನೆಣ್ಣೆಯಂತೂ ಚಳಿಗೆ ಹೆಪ್ಪುಗಟ್ಟಿ ಧೂಳು ಹಿಡಿದು ಕೂರುತ್ತದೆ. ಗ್ರೀಸು ಬ್ರೇಕಿಗೆ, ರಿಮ್ಮಿಗೆ, ಡಿಸ್ಕಿಗೆ ತಾಗಬಾರದು. ಕಾರ್ಬನ್ ಸೀಟ್ ಪಿಲ್ಲರಿಗೆ ಗ್ರೀಸ್ ಬೇಡ, ಅದಕ್ಕೆಂದೇ ಬೇರೆ ಪೇಸ್ಟ್ ಬರುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸದ್ದು ಕೇಳದ ಹಾಗೆ ಓಡಿಸೋದಂತೂ ಬೇಡವೇ ಬೇಡ.

ಮತ್ತೆ ಮೂರು ಸಂದರ್ಭದಲ್ಲಿ ಪರೀಕ್ಷೆಯೂ ಬೇಡ, ಪಾಂಡಿತ್ಯವೂ ಬೇಡ, ಇಳಿದು ತಳ್ಳಿಕೊಂಡೇ ಅಂಗಡಿಗೆ ಹೋಗಿ. ಕ್ರ್ಯಾಂಕು ಕಟಕ್ ಅಂದು ಕಾಲಿಗೆ ಅಲ್ಲಾಡಿದರೆ. ಹ್ಯಾಂಡಲ್ಲಿನಲ್ಲಿ ಅಥವಾ ಸ್ಟೆಮ್ಮಿನಲ್ಲಿ ಬಿಗಿ ಮಾಡಿದ ಮೇಲೂ ಸದ್ದು ನಿಲ್ಲದಿದ್ದರೆ. ಫ್ರೇಮಿನ ಬೆಸುಗೆಯ ಹತ್ತಿರ ಬಣ್ಣದ ಮೇಲೆ ಕೂದಲೆಳೆಯ ಗೆರೆ ಕಂಡರೆ. ಇವು ಕಿರಿಕಿರಿ ಅಲ್ಲ, ಎಚ್ಚರಿಕೆ.

ಕಳೆದ ವಾರ ಊರಿಗೆ ಹೋಗಿದ್ದೆ. ಕೊಟ್ಟಿಗೆಯಲ್ಲಿ ಅಪ್ಪನ ಕರಿ ಸೈಕಲ್ ಇನ್ನೂ ಇದೆ. ಅಂಗಳದಲ್ಲಿ ಒಂದು ಸುತ್ತು ಹಾಕಿದೆ. ಕಟಕ್, ಕಟಕ್. ನನ್ನ ಎದೆ ಧಸಕ್ಕೆಂದಿತು, ಥಟ್ಟನೆ ಇಳಿದೆ. ಅಪ್ಪನಿಗೆ ಅದು ಕೇಳಿಸಿರಲಿಲ್ಲ, ನಾನು ಇಳಿದದ್ದು ಕಂಡು ಹತ್ತಿರ ಬಂದರು. ಸನ್ನೆಯಲ್ಲೇ ಬ್ರೇಕ್ ಹಿಡಿ ಅಂದರು, ಪೆಡಲ್ ಒತ್ತು ಅಂದರು. ಕೂತುಕೊಂಡು ಒಂದು ಕೈ ಕ್ರ್ಯಾಂಕಿನ ಬುಡದ ಮೇಲೆ, ಇನ್ನೊಂದು ಕೈ ಕೊಳವೆಯ ಮೇಲೆ ಇಟ್ಟರು. ನಾನು ಒತ್ತಿದೆ, ಬಿಟ್ಟೆ, ಒತ್ತಿದೆ.

"ಕಾಟರ್ ಪಿನ್ನು" ಅಂದರು.

ಆ ಕಾಲದ ಸೈಕಲ್ಲಿನಲ್ಲಿ ಕ್ರ್ಯಾಂಕನ್ನು ಅಚ್ಚಿಗೆ ಹಿಡಿದಿಡೋದು ಒಂದು ಬೆಣೆಯಂಥ ಪಿನ್ನು. ಒಳಗೆ ಹೋಗಿ ಸುತ್ತಿಗೆ ತಂದರು. ಕೆಳಗೊಂದು ಕಬ್ಬಿಣದ ತುಂಡು ಆನಿಸಿ, ಎರಡೇ ಏಟು ಹಾಕಿ, ನಟ್ಟು ಬಿಗಿ ಮಾಡಿದರು. "ಇದೂ ಸವೆದಿದೆ. ನಾಳೆ ಪೇಟೆಗೆ ಹೋದಾಗ ಹೊಸಾದು ತಗೊಂಬಾ" ಅಂದು ಕೈ ತೊಳೆಯೋಕೆ ಹೋದರು.

ತಂದು ಕೊಟ್ಟು ಬಂದಿದ್ದೇನೆ. ನಮ್ಮ ಟೀಮಿನ ಹುಡುಗನ ಹೊಲಿಗೆ ಬಿಚ್ಚಿದ್ದಾರೆ, ಹೊಸ ಕ್ರ್ಯಾಂಕ್ ನಾನೇ ಹಾಕಿಸಿಕೊಟ್ಟೆ, ಈ ಸಲ ಅಂಗಡಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು :-) ನಿಮ್ಮ ಸೈಕಲ್ಲೂ ಏನಾದರೂ ಮಾತಾಡ್ತಿದ್ದರೆ ಹೇಳಿ. ಆದರೆ ಕಿರ್ರ್ ಅನ್ನುತ್ತೋ, ಕಟಕ್ ಅನ್ನುತ್ತೋ, ಕೂತಾಗಲೋ ನಿಂತಾಗಲೋ, ಎಲ್ಲ ನೋಡಿಕೊಂಡು ಹೇಳಿ. ನೋಡದೆ ಮದ್ದು ಹೇಳೋದನ್ನು ನಾನು ಬಿಟ್ಟಿದ್ದೇನೆ.